ನಿಶ್ಚಿತಾರ್ಥದ ಮೂರನೆಯ ದಿನ, ಬೆಳ್ಳಿಯ ಗೆರೆಯಲ್ಲಿ

18.5 ಸೆಂ.ಮೀ. ಎತ್ತರ, 10.7 ಸೆಂ.ಮೀ. ಅಗಲ. ಹೆಚ್ಚುಕಡಿಮೆ ಒಂದು ಮದುವೆಯ ಕರೆಯೋಲೆಯಷ್ಟು. ಹದಮಾಡಿ ಬಿಳಿ ಬಳಿದ ಚರ್ಮದ ಹಾಳೆ, ಅದರ ಮೇಲೆ ಬೆಳ್ಳಿಯ ತಂತಿಯಿಂದ ಎಳೆದ ಗೆರೆಗಳು. ಅಗಲ ಅಂಚಿನ ಹುಲ್ಲಿನ ಟೋಪಿ ಹಾಕಿಕೊಂಡ ಹುಡುಗಿಯೊಬ್ಬಳು ಮುಂದಕ್ಕೆ ಒರಗಿ ಕೂತಿದ್ದಾಳೆ. ಟೋಪಿಗೆ ಹೂ ಸಿಕ್ಕಿಸಿದೆ. ಒಂದು ಕೈ ಕೆನ್ನೆಯ ಬಳಿ, ಇನ್ನೊಂದು ಕೈಯಲ್ಲಿ ಒಂದು ಹೂ. ಅವಳು ನೇರವಾಗಿ ಚಿತ್ರಕಾರನನ್ನೇ ನೋಡುತ್ತಿದ್ದಾಳೆ. ಕೆಳಗೆ ಡಚ್ ಭಾಷೆಯಲ್ಲಿ ನಾಲ್ಕಾರು ಸಾಲು ಬರಹವಿದೆ. ಅದರ ಸಾರ: ಇದು ನನ್ನ ಹೆಂಡತಿಯನ್ನು ನೋಡಿ ಬರೆದದ್ದು, ಅವಳಿಗೆ 21 ವರ್ಷವಾಗಿದ್ದಾಗ, ನಮ್ಮ ನಿಶ್ಚಿತಾರ್ಥವಾದ ಮೂರನೆಯ ದಿನ, 1633ರ ಜೂನ್ 8.

ಬರೆದವನು ಹಾಲೆಂಡಿನ ಚಿತ್ರಕಾರ ರೆಂಬ್ರಾಂಟ್. ಅವನಿಗೆ ಆಗ 26 ವರ್ಷ. ಹುಡುಗಿ ಸಾಸ್ಕಿಯಾ ವಾನ್ ಐಲನ್‌ಬರ್ಗ್, ಲೇವಾರ್ಡನ್ ಊರಿನ ಮೇಯರ್ ಆಗಿದ್ದವರ ಮಗಳು. ತಂದೆ ತಾಯಿ ಇಬ್ಬರೂ ಅಷ್ಟರಲ್ಲೇ ತೀರಿಕೊಂಡಿದ್ದರು. ಹುಟ್ಟಿದ್ದು 1612ರ ಆಗಸ್ಟ್ 2 ಎಂದು ಲೆಕ್ಕ, ಅಂದರೆ ಚಿತ್ರದ ದಿನ 20 ತುಂಬಿ 21 ನಡೆಯುತ್ತಿತ್ತು. ನಡೆಯುವ ವರ್ಷವನ್ನೇ ವಯಸ್ಸೆಂದು ಹೇಳುವ ರೂಢಿ ನಮ್ಮ ಹಳ್ಳಿಗಳಲ್ಲಿ ಈಗಲೂ ಇದೆ, ಆದ್ದರಿಂದ ಆ ಒಂದು ವರ್ಷದ ವ್ಯತ್ಯಾಸ ನಮಗೆ ತೊಡಕಾಗಬೇಕಿಲ್ಲ. ಚರ್ಚಿನಲ್ಲಿ ಮದುವೆ ನಡೆದದ್ದು ಮರುವರ್ಷ, 1634ರ ಜೂನ್ 22ರಂದು. ಆದರೂ ನಿಶ್ಚಿತಾರ್ಥದ ಮೂರನೇ ದಿನವೇ ಅವನು ಅವಳನ್ನು ಕರೆದದ್ದು ‘ಹೌಸ್‌ಫ್ರೌ’ ಎಂದು. ಪದ ಬಿಡಿಸಿದರೆ ಮನೆಯ ಹೆಣ್ಣು. ಕನ್ನಡದಲ್ಲಿ ‘ನಮ್ಮ ಮನೆಯವಳು’ ಎನ್ನುತ್ತೇವಲ್ಲ, ಅದೇ ಮಾತು, ಅದೇ ಸಲಿಗೆ. ತಾಂಬೂಲ ಬದಲಾದ ಮೇಲೆ ಅರ್ಧ ಮದುವೆ ಆದಂತೆಯೇ ಎನ್ನುವ ನಮ್ಮ ಹಿರಿಯರಿಗೆ ಈ ಬರಹವನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಳೆ ಈಗ ಬರ್ಲಿನ್ನಿನ ಕುಪ್ಫರ್‌ಶ್ಟಿಶ್‌ಕಾಬಿನೆಟ್ ಎಂಬ ರೇಖಾಚಿತ್ರ ಸಂಗ್ರಹಾಲಯದಲ್ಲಿದೆ. ಅಲ್ಲಿಗೆ ಹೋಗಿ ನೋಡುವುದು ಎಲ್ಲರಿಗೂ ಆಗದ ಮಾತು. ಆದರೆ ಈ ಚಿತ್ರವನ್ನು ಅರ್ಥ ಮಾಡಿಕೊಳ್ಳುವ ಇನ್ನೊಂದು ದಾರಿ ಮುಂಬಯಿಯಲ್ಲಿ ಕೂತವರಿಗೂ ತೆರೆದೇ ಇದೆ: ಅದೇ ಸಾಮಗ್ರಿಯನ್ನು ಕೈಯಲ್ಲಿ ಹಿಡಿದು ನಕಲು ಮಾಡುವುದು. ಸಾಸ್ಕಿಯಾಳ ಮುಖದ ಮೃದುತನವನ್ನು ‘ಪ್ರೀತಿ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವವರೇ ಹೆಚ್ಚು. ಪ್ರೀತಿ ಇದ್ದದ್ದು ನಿಜ. ಆದರೆ ಆ ಮೃದುತನದ ಅರ್ಧ ಭಾಗ ಬೆಳ್ಳಿಯದು. ಬೆಳ್ಳಿ ಅಳಿಸಲು ಬಿಡುವುದಿಲ್ಲ, ಕಪ್ಪಾಗಲು ಬಿಡುವುದಿಲ್ಲ, ಒತ್ತಿದರೆ ದಪ್ಪವಾಗುವುದಿಲ್ಲ. ಈ ಮೂರು ಅಡ್ಡಿಗಳ ನಡುವೆ ಮುಖ ಬರೆಯಬೇಕಾದವನು ಗೆರೆ ಎಳೆಯುವುದಕ್ಕಿಂತ ಹೆಚ್ಚು ಹೊತ್ತು ನೋಡುತ್ತಲೇ ಕೂರಬೇಕಾಗುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ಸಿಲ್ವರ್‌ಪಾಯಿಂಟ್ ಎನ್ನುತ್ತಾರೆ, ಇಲ್ಲಿ ಬೆಳ್ಳಿಮೊನೆ ಎಂದೇ ಕರೆಯೋಣ. ತತ್ವ ಸರಳ. ಸಾದಾ ಕಾಗದದ ಮೇಲೆ ಬೆಳ್ಳಿ ಉಜ್ಜಿದರೆ ಏನೂ ಮೂಡುವುದಿಲ್ಲ. ಸುಣ್ಣದಂಥ, ಸಣ್ಣಗೆ ತರಿ ಇರುವ ಬಿಳಿ ಪದರವೊಂದನ್ನು ಬಳಿದು ಒಣಗಿಸಿ ಅದರ ಮೇಲೆ ಎಳೆದರೆ, ಆ ತರಿ ಬೆಳ್ಳಿಯನ್ನು ಕಣಕಣವಾಗಿ ತೇದು ತನ್ನ ಮೇಲೆ ಹಿಡಿದುಕೊಳ್ಳುತ್ತದೆ. ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯುವ ಹಾಗೆಯೇ. ಸಾಣೆ ನುಣುಪಾದರೆ ಗಂಧ ಇಳಿಯದು, ತೀರಾ ಒರಟಾದರೆ ಕೊರಡು ಹಾಳು. ಬೆಳ್ಳಿಮೊನೆಯಲ್ಲಿ ಕೆಡುವ ಹತ್ತರಲ್ಲಿ ಎಂಟು ಚಿತ್ರ ಕೆಡುವುದು ಈ ಬಿಳಿ ಪದರದಲ್ಲೇ ಹೊರತು ಬರೆಯುವ ಕೈಯಲ್ಲಲ್ಲ.

ಮೊದಲು ಬೆಳ್ಳಿ. ಮುಂಬಾದೇವಿಯ ಸುತ್ತಲಿನ ಝವೇರಿ ಬಜಾರಿನಲ್ಲಿ ಕೇಳಿದರೆ ಬೇಕಾದ ದಪ್ಪಕ್ಕೆ ತಂತಿ ಸಿಗುತ್ತದೆ. ಇಲ್ಲವೇ ನಿಮ್ಮ ಬಡಾವಣೆಯ ಅಕ್ಕಸಾಲಿ ಎಳೆದುಕೊಡುತ್ತಾನೆ, ಅವನಿಗೆ ಅದು ಹತ್ತು ನಿಮಿಷದ ಕೆಲಸ. ಕೇಳಬೇಕಾದದ್ದು 999 ಶುದ್ಧ ಬೆಳ್ಳಿ. ಒಡವೆಗೆ ಬಳಸುವ 925ರಲ್ಲಿ ನೂರಕ್ಕೆ 7.5 ಪಾಲು ಸಾಮಾನ್ಯವಾಗಿ ತಾಮ್ರ. ಅದರಿಂದಲೂ ಗೆರೆ ಬೀಳುತ್ತದೆ, ಆದರೆ ತುಸು ಗಟ್ಟಿ, ಬೇಗ ಮಾಸುತ್ತದೆ. ದಪ್ಪಕ್ಕೆ ಎರಡು ಆಯ್ಕೆ. 14ನೇ ನಂಬರ್ ಗೇಜು ಎಂದರೆ 2.03 ಮಿ.ಮೀ., ಇದು 2 ಮಿ.ಮೀ. ಸೀಸದ ಕ್ಲಚ್ ಪೆನ್ಸಿಲಿನಲ್ಲಿ ಕೂರುತ್ತದೆ. ಅಂಗಡಿಗೆ ಹೋಗುವಾಗ ಪೆನ್ಸಿಲನ್ನೇ ಜೊತೆಗೆ ಒಯ್ದು ತೂರಿಸಿ ನೋಡುವುದು ಲೇಸು, ಏಕೆಂದರೆ ಕೆಲವು ಪೆನ್ಸಿಲುಗಳ ಬಾಯಿ ಆ ಮೂರು ನೂರನೇ ಪಾಲಿಗೂ ತಕರಾರು ಮಾಡುತ್ತದೆ. ಇನ್ನೂ ತೆಳುವಾಗಿ ಬೇಕಿದ್ದರೆ 1 ಮಿ.ಮೀ. ತಂತಿ, ಅದನ್ನು ಹಿಡಿಯಲು ಗಡಿಯಾರ ರಿಪೇರಿಯವರು ಬಳಸುವ ಪಿನ್ ವೈಸ್. ತುಂಡು 4 ಸೆಂ.ಮೀ. ಉದ್ದವಿದ್ದರೆ ಸಾಕು. ತೂಕ ದಪ್ಪ ತಂತಿಯಲ್ಲಿ ಸುಮಾರು 1.35 ಗ್ರಾಂ, ತೆಳುವಿನಲ್ಲಿ ಗ್ರಾಮಿನ ಮೂರನೇ ಒಂದು ಭಾಗ. ವರ್ಷಗಟ್ಟಲೆ ಬರೆದರೂ ಅದು ಮುಗಿಯುವುದಿಲ್ಲ.

ಹೊಸದಾಗಿ ಕೊಳ್ಳದೆಯೂ ಆಗುತ್ತದೆ. ನಮ್ಮ ಮನೆಗಳಲ್ಲಿ ಸವೆದು ಬಿಚ್ಚಿಟ್ಟ ಕಾಲುಂಗುರ, ಕೊಂಡಿ ಮುರಿದ ಗೆಜ್ಜೆ ಯಾವುದಾದರೊಂದು ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಕಾಲುಂಗುರವನ್ನು ನೇರ ಮಾಡಿ ಒಂದು ತುದಿಯನ್ನು ಅರದಿಂದ ತಿಕ್ಕಿದರೆ ಅದೇ ಲೇಖನಿ. ಒಂದೇ ಎಚ್ಚರಿಕೆ: ಬೆಸುಗೆ ಹಾಕಿದ ಜಾಗವನ್ನು ಕತ್ತರಿಸಿ ತೆಗೆಯಬೇಕು. ಬೆಸುಗೆಯ ಲೋಹ ಬೆಳ್ಳಿಗಿಂತ ಗಟ್ಟಿ, ಪದರವನ್ನು ಗೀರುತ್ತದೆ. ಜರಿ ನೂಲಿನಿಂದ ಮಾತ್ರ ಏನೂ ಆಗದು, ಅದರ ಮೇಲಿನ ಬೆಳ್ಳಿ ತೀರಾ ತೆಳು, ಒಳಗಿರುವುದೇ ಬೇರೆ.

ತುದಿ ಸೂಜಿಯಂತಿರಬಾರದು. ಮೊದಲು 600ರ, ಆಮೇಲೆ 1200ರ ನೀರು ಕಾಗದದ (ಒದ್ದೆ ಮಾಡಿ ತಿಕ್ಕುವ ಉಜ್ಜುಕಾಗದ) ಮೇಲೆ ತಂತಿಯನ್ನು ಓರೆಯಾಗಿ ಹಿಡಿದು, ತಿರುಗಿಸುತ್ತ ತಿಕ್ಕಿ, ಸಾಸಿವೆ ಕಾಳಿನ ಮೈಯಂತೆ ದುಂಡು ಮಾಡಬೇಕು. ಉಗುರಿನ ಮೇಲೆ ಎಳೆದು ನೋಡಿ. ಗೀರಿದಂತೆ ತಗುಲಿದರೆ ಇನ್ನೂ ಚೂಪಿದೆ ಎಂದರ್ಥ. ಹೊಸ ತುದಿ ಮೊದಲ ಹತ್ತಿಪ್ಪತ್ತು ಗೆರೆಗಳವರೆಗೆ ಸರಿಯಾಗಿ ಬರೆಯುವುದಿಲ್ಲ, ಆ ಗೆರೆಗಳನ್ನು ಬೇರೆ ಚೂರಿನ ಮೇಲೆ ಎಳೆದು ಮುಗಿಸಿ.

ಇನ್ನು ಹಾಳೆ. ರೆಂಬ್ರಾಂಟನಂತೆ ಚರ್ಮದ ಹಾಳೆ ಹುಡುಕುತ್ತ ಅಲೆಯಬೇಕಾಗಿಲ್ಲ. 300 ಜಿ.ಎಸ್.ಎಂ. ದಪ್ಪದ, ಪೂರ್ತಿ ಹತ್ತಿಯ, ನುಣುಪು ಮೈಯ ಹಾಟ್ ಪ್ರೆಸ್ ಜಲವರ್ಣ ಕಾಗದ ಸಾಕು. ಕೋಲ್ಡ್ ಪ್ರೆಸ್ ಬೇಡ, ಅದರ ಗುಳಿಗಳಲ್ಲಿ ಗೆರೆ ಕುಂಟುತ್ತದೆ. 25 × 18 ಸೆಂ.ಮೀ.ಗೆ ಕತ್ತರಿಸಿ, ಎರಡೂ ಬದಿ ಒದ್ದೆ ಮಾಡಿ, ಹಲಗೆಯ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗೋಂದಿನ ಕಾಗದದ ಪಟ್ಟಿ ಅಂಟಿಸಿ ಒಂದು ರಾತ್ರಿ ಬಿಡಿ. ಹೀಗೆ ಬಿಗಿಯದೆ ಬಳಿದರೆ ಮೊದಲ ಕೈಗೇ ಹಾಳೆ ಹಪ್ಪಳದಂತೆ ಏಳುತ್ತದೆ.

ಬಿಳಿ ಪದರಕ್ಕೆ ಹಳೆಯ ಕಾಲದವರು ಸುಟ್ಟ ಮೂಳೆಯ ಬೂದಿ ಬಳಸುತ್ತಿದ್ದರು. 1400ರ ಆಸುಪಾಸಿನ ಇಟಲಿಯ ಚಿತ್ರಕಾರ ಚೆನ್ನಿನೊ ಚೆನ್ನಿನಿ ಕೋಳಿಯ ತೊಡೆ, ರೆಕ್ಕೆಗಳ ಮೂಳೆಯನ್ನು ಬೂದಿಗಿಂತ ಬೆಳ್ಳಗಾಗುವವರೆಗೆ ಸುಟ್ಟು ಅರೆಯಲು ಹೇಳುತ್ತಾನೆ. ಅದನ್ನು ಎಂಜಲಿನಲ್ಲಿ ಕಲಸಿ ಹಲಗೆಗೆ ತಿಕ್ಕಬೇಕಂತೆ. ಇಂದು ಅಷ್ಟೆಲ್ಲ ಕಷ್ಟ ಬೇಡ. ಎರಡು ವಿಧಾನಗಳಿವೆ.

ಸುಲಭದ್ದು ಗೋವಾಷ್, ಅಂದರೆ ನೀರಿನಲ್ಲಿ ಕಲಸುವ, ಕೆಳಗಿನದನ್ನು ಮುಚ್ಚುವ ಬಣ್ಣ. ಫೋರ್ಟ್ ಪ್ರದೇಶದ ಚಿತ್ರಸಾಮಗ್ರಿ ಅಂಗಡಿಗಳಲ್ಲಿ ಜಿಂಕ್ ವೈಟ್ ಅಥವಾ ಚೈನೀಸ್ ವೈಟ್ ಎಂದು ಕೇಳಿ. ಕೊಳವೆಯಿಂದ ಎರಡು ಟೀ ಚಮಚದಷ್ಟು ಹಿಂಡಿ, ಮೂರು ಚಮಚ ನೀರು ಬೆರೆಸಿ ಕದಡಿದರೆ ಎಮ್ಮೆ ಹಾಲಿನ ಹದಕ್ಕೆ ಬರುತ್ತದೆ. ತೀರಾ ಗಟ್ಟಿಯಾದರೆ ಕುಂಚದ ಗೆರೆಗಳು ಉಬ್ಬಿ ಉಳಿಯುತ್ತವೆ. ಅಗಲವಾದ ಮೃದು ಕುಂಚದಿಂದ ಒಂದು ಕೈ ಅಡ್ಡ, ಒಣಗಿದ ಮೇಲೆ ಒಂದು ಕೈ ಉದ್ದ, ಹೀಗೆ ಮೂರರಿಂದ ನಾಲ್ಕು ಕೈ. ಒಂದರ ಮೇಲೆ ಒಂದನ್ನು ಬಳಿಯುವಾಗ ಕುಂಚವನ್ನು ಹೋದ ದಾರಿಯಲ್ಲೇ ಮತ್ತೆ ಎಳೆಯಬಾರದು, ಕೆಳಗಿನ ಪದರ ಕರಗಿ ಎದ್ದು ಬರುತ್ತದೆ. ಜಿಂಕ್ ವೈಟ್ ರೆಂಬ್ರಾಂಟನ ಕಾಲದ್ದಲ್ಲ ಎಂಬುದನ್ನೂ ಹೇಳಬೇಕು. ಚೈನೀಸ್ ವೈಟ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದದ್ದು 1834ರಲ್ಲಿ. ಆದರೆ ಹಳೆಯ ಸೀಸದ ಬಿಳಿ ವಿಷ, ಮೇಲಾಗಿ ಗಂಧಕ ತಗುಲಿದರೆ ಕಪ್ಪಾಗುತ್ತದೆ. ಅದರ ಗೊಡವೆ ಬೇಡ.

ಇನ್ನೊಂದು ಅಂಟಿನ ಪದರ, ಇದರ ಮೇಲೆ ಗೆರೆ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. 100 ಮಿ.ಲೀ. ತಣ್ಣೀರಿನಲ್ಲಿ 5 ಗ್ರಾಂ ಜೆಲಟಿನ್ ಪುಡಿ ಹಾಕಿ 20 ನಿಮಿಷ ನೆನೆಯಲು ಬಿಡಿ. ಆಮೇಲೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಕುದಿಯಬಾರದು, ಬೆರಳು ತಡೆಯುವಷ್ಟೇ ಬಿಸಿ ಸಾಕು. ಕುದಿದ ಅಂಟಿನ ಹಿಡಿತ ಹೋಗುತ್ತದೆ. ಅದಕ್ಕೆ ವಸ್ತ್ರಗಾಳಿತ ಸೀಮೆಸುಣ್ಣದ ಪುಡಿ, ಜಿಂಕ್ ಆಕ್ಸೈಡ್ ಪುಡಿ ಸಮಸಮ ಸೇರಿಸುತ್ತ ಬನ್ನಿ, ತೆಳು ದೋಸೆಹಿಟ್ಟಿನ ಹದಕ್ಕೆ, ಒಟ್ಟು 60ರಿಂದ 80 ಗ್ರಾಂ ಹಿಡಿಯುತ್ತದೆ. ಕಲಕುವಾಗ ನೊರೆ ಏಳಿಸಬೇಡಿ. ಒಣಗಿದ ಮೇಲೆ ಆ ಗುಳ್ಳೆಗಳು ಸೂಜಿಮೊನೆಯಷ್ಟು ರಂಧ್ರಗಳಾಗಿ ಉಳಿದು, ಸರಿಯಾಗಿ ಕಣ್ಣಿನ ಗೊಂಬೆ ಬರೆಯುವ ಜಾಗದಲ್ಲೇ ಸಿಗುತ್ತವೆ. ಬಳಿಯುವಾಗಲೂ ಪಾತ್ರೆ ಬೆಚ್ಚಗಿರಲಿ, ತಣಿದರೆ ಹೆಪ್ಪುಗಟ್ಟುತ್ತದೆ. ಚಿಟಿಕೆ ಕಾವಿ ಅಥವಾ ಹಳದಿ ಮಣ್ಣಿನ ಬಣ್ಣ ಬೆರೆಸಿದರೆ ಚರ್ಮದ ಹಾಳೆಯ ಬೆಚ್ಚನೆ ಛಾಯೆ ಬರುತ್ತದೆ. ಜೆಲಟಿನ್ ಪ್ರಾಣಿಜನ್ಯ. ಅದನ್ನು ಒಳಗೆ ತರದ ಮನೆಗಳಿಗೆ ಗೋವಾಷ್ ವಿಧಾನವೇ ಸರಿ, ಅದರ ಹಿಡಿತ ಸಾಮಾನ್ಯವಾಗಿ ಜಾಲಿಮರದ ಗೋಂದಿನದು. ಜೆಲಟಿನ್ ಬದಲು ಚೈನಾ ಗ್ರಾಸ್ ಹಾಕಿ ನೋಡುವವರುಂಟು. ಅದು ಗಟ್ಟಿಯಾಗುತ್ತದೆಯೇ ಹೊರತು ಪುಡಿಯನ್ನು ಹಿಡಿದಿಡುವುದಿಲ್ಲ, ಒಣಗಿದೊಡನೆ ಉದುರುತ್ತದೆ.

ಅಂಟು ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ಬೆರಳು ಸಾಕು. ಒಣಗಿದ ಪದರವನ್ನು ಸವರಿದಾಗ ಬೆರಳಿಗೆ ಬಿಳಿ ಪುಡಿ ಬಂದರೆ ಅಂಟು ಸಾಲದು, ಬೆಳ್ಳಿ ಉಳುತ್ತ ಹೋಗುತ್ತದೆ. ಪಿಂಗಾಣಿಯಂತೆ ಹೊಳೆದು ಬೆಳ್ಳಿ ಜಾರಿದರೆ ಅಂಟು ಹೆಚ್ಚು, ಹಾಳೆ ಬಾಗಿದಾಗ ಬಿರುಕು ಬಿಡುವುದೂ ಅದೇ. ಕೊನೆಯ ಕೈ ಒಣಗಿದ ಮೇಲೆ 600ರ ಕಾಗದದಿಂದ ಹಗುರವಾಗಿ ಒಮ್ಮೆ ತಿಕ್ಕಿ, ಪುಡಿ ಕೊಡವಿ, ಸ್ಟೀಲ್ ಚಮಚದ ಬೆನ್ನಿನಿಂದ ಸವರಿ. ಹೆಚ್ಚು ಸವರಬಾರದು, ಸಾಣೆ ನುಣುಪಾಗಿ ಗಂಧ ಇಳಿಯದಂತಾಗುತ್ತದೆ. ಗೋಡೆಗೆ ಬಳಿಯುವ ಡಿಸ್ಟೆಂಪರಿನಿಂದಾಗಲಿ, ಕ್ಯಾನ್ವಾಸಿಗೆ ಬಳಿಯುವ ಅಕ್ರಿಲಿಕ್ ಗೆಸ್ಸೊದಿಂದಾಗಲಿ ಗೆರೆ ಮೂಡುವುದುಂಟು, ಆದರೆ ಅವುಗಳ ತರಿ ಒರಟು. ಗೆರೆ ಮರಳಿನ ಮೇಲೆ ಎಳೆದಂತೆ ಒಡೆಯುತ್ತದೆ.

ಇವೆಲ್ಲಕ್ಕೂ ಮುಂಬಯಿಯ ಮಳೆಗಾಲ ಬದ್ಧವೈರಿ. ಜುಲೈ ತಿಂಗಳಲ್ಲಿ ಗಾಳಿಯ ತೇವ ನೂರಕ್ಕೆ 80-90 ಪಾಲು ಇರುವಾಗ ಗೋಂದಿನ ಪದರ ಪೂರ್ತಿ ಒಣಗುವುದೇ ಇಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ, ಬೆಳ್ಳಿ ಗೆರೆ ಎಳೆಯುವ ಬದಲು ಕಾಲುವೆ ತೋಡುತ್ತದೆ. ಚಳಿಗಾಲದಲ್ಲಿ ಒಂದು ಕೈ ಒಣಗಲು ಒಂದು ತಾಸು ಸಾಕಾದರೆ ಮಳೆಯಲ್ಲಿ ಅರ್ಧ ದಿನ. ಜೆಲಟಿನ್ ಪದರಕ್ಕೆ ಬೂಸ್ಟು ಹಿಡಿಯುವ ಭಯ ಬೇರೆ. ನವೆಂಬರಿನಿಂದ ಫೆಬ್ರವರಿಯವರೆಗೆ ಹತ್ತು ಹನ್ನೆರಡು ಹಾಳೆ ಒಟ್ಟಿಗೆ ತಯಾರಿಸಿ, ನಡುವೆ ಬಟರ್ ಪೇಪರ್ ಇಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟುಕೊಳ್ಳುವುದು ಜಾಣತನ. ಮಳೆಯಲ್ಲಿ ಬರೆಯಲೇಬೇಕಿದ್ದರೆ ಎ.ಸಿ. ಕೋಣೆಯಲ್ಲಿ ಹಾಳೆಯನ್ನು ಎರಡು ತಾಸು ಬಿಟ್ಟು ಆಮೇಲೆ ತೊಡಗಿ. ಅಂಗೈ ಬೆವರು ಕೂಡ ಇದೇ ಹಾನಿ ಮಾಡುತ್ತದೆ, ಆದ್ದರಿಂದ ಕೈಯಡಿಗೆ ಸದಾ ಒಂದು ಒಣ ಕಾಗದ ಇರಲಿ.

ಬರೆಯುವ ಮೊದಲು ಹಾಳೆಯ ಅಂಚಿನಲ್ಲಿ 1 ಸೆಂ.ಮೀ.ನ ಐದು ಚೌಕ ಹಾಕಿ. ಮೊದಲನೆಯದಕ್ಕೆ ಒಂದು ಸುತ್ತು ಒತ್ತೊತ್ತು ಗೆರೆ, ಎರಡನೆಯದಕ್ಕೆ ಎರಡು ಸುತ್ತು, ಹೀಗೆ ಐದರವರೆಗೆ, ಪ್ರತಿ ಸುತ್ತಿಗೂ ದಿಕ್ಕು ತುಸು ಬದಲಿಸಿ. ನಾಲ್ಕಕ್ಕೂ ಐದಕ್ಕೂ ವ್ಯತ್ಯಾಸ ಬಹುಮಟ್ಟಿಗೆ ಕಾಣದು. ಅಲ್ಲಿಗೆ ಬೆಳ್ಳಿ ಮುಗಿಯಿತು. ಅದು ಕೊಡಬಲ್ಲ ಅತಿ ಗಾಢ ಛಾಯೆಯೇ ನಡುಬೂದು. ಅದಕ್ಕೂ ಮೇಲೆ ತಿಕ್ಕಿದರೆ ಲೋಹ ಹೊಳೆಯತೊಡಗುತ್ತದೆ, ಓರೆಯಿಂದ ನೋಡಿದಾಗ ಕಪ್ಪಾಗಿರಬೇಕಾದ ಜಾಗ ಮಿರಮಿರ ಮಿಂಚುತ್ತದೆ, ಆಮೇಲೆ ಪದರ ಹರಿಯುತ್ತದೆ. ಈ ಚೌಕಗಳನ್ನು ಪಕ್ಕದಲ್ಲಿಟ್ಟುಕೊಂಡು ಸಾಸ್ಕಿಯಾಳ ಚಿತ್ರ ನೋಡಿ. ರೆಂಬ್ರಾಂಟನ ಲೆಕ್ಕ ಆಗ ಕಾಣುತ್ತದೆ.

ಅವನು ತನ್ನಲ್ಲಿದ್ದ ಗಾಢವನ್ನೆಲ್ಲ ಎಲ್ಲಿ ಖರ್ಚು ಮಾಡಿದ್ದಾನೆ? ಕಣ್ಣುಗಳಲ್ಲಿ, ಟೋಪಿಯ ಅಂಚಿನ ಒಳಮೈಯಲ್ಲಿ, ಮುಖಕ್ಕೆ ಹೊಂದಿದ ನೆರಳಿನಲ್ಲಿ. ತೋಳು, ಅಂಗಿ ಎಲ್ಲ ಸಡಿಲ ಗೆರೆಗಳು, ಒಂದೇ ಸುತ್ತಿನವು. ಕೆನ್ನೆ, ಗಲ್ಲದ ಬಹುಭಾಗ ಬರಿಯ ಬಿಳಿ ಪದರ, ಏನೂ ಬರೆದಿಲ್ಲ. ಬಣ್ಣದಲ್ಲಿ ಅವನು ಕತ್ತಲೆಯ ಒಡೆಯ, ಆಳವಾದ ಕಪ್ಪಿನೊಳಗಿಂದ ಮುಖವನ್ನು ಎತ್ತಿ ತರಬಲ್ಲವನು. ಇಲ್ಲಿ ಆ ಕಪ್ಪು ಅವನ ಕೈಯಲ್ಲಿಲ್ಲ. ಆದ್ದರಿಂದ ಟೋಪಿಯನ್ನೇ ನೆರಳಿನ ಮನೆ ಮಾಡಿಕೊಂಡಿದ್ದಾನೆ. ಅದರ ನೆರಳು ಹಣೆಯ ಮೇಲೆ ಬಿದ್ದು, ಕೆಳಗಿನ ಕೆನ್ನೆ ತಾನಾಗಿ ಬೆಳಗುತ್ತದೆ. ನಕಲು ಮಾಡುವವರು ಎಡವುವುದೂ ಇಲ್ಲೇ: ಮೊದಲು ಮುಖದ ಹೊರಗೆರೆ ಎಳೆದು, ಮೂಗಿಗೊಂದು ಗೆರೆ, ತುಟಿಗೊಂದು ಗೆರೆ ಎಂದು ಹೊರಟು, ಅರ್ಧ ತಾಸಿಗೆ ಮುಖ ತಂತಿಯ ಗೊಂಬೆಯಂತಾಗುತ್ತದೆ. ತಿರುವುಮುರುವು ಮಾಡಿ ನೋಡಿ. ಟೋಪಿಯ ಅಂಡಾಕಾರ ಮೊದಲು, ಆಮೇಲೆ ಅದರ ಕೆಳಗಿನ ನೆರಳು, ಆಮೇಲೆ ಎರಡು ಕಣ್ಣುಗಳ ಜಾಗ. ಬಾಯಿಗೆ ಬರುವ ಹೊತ್ತಿಗೆ ಅದರ ಮುಕ್ಕಾಲು ಭಾಗ ಆಗಲೇ ಮೂಡಿರುತ್ತದೆ. ತುಟಿಯ ಎರಡು ಮೂಲೆಗಳಿಗೆ ಚುಕ್ಕಿಯಂಥ ಸ್ಪರ್ಶ ಕೊಟ್ಟರೆ ಮುಗುಳ್ನಗೆ ಬಂದುಬಿಡುತ್ತದೆ. ನಡುವಿನ ಗೆರೆಯನ್ನು ಪೂರ್ತಿ ಎಳೆದಿರೋ, ನಗು ಮಾಯ.

ಪೆನ್ಸಿಲಿನಿಂದ ಮೊದಲು ಗುರುತು ಹಾಕಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಸೀಸದ ಜಿಡ್ಡು ಹೊಳಪು ಬೆಳ್ಳಿಯ ಗೆರೆಯಡಿ ಕೊಳೆಯಂತೆ ಉಳಿಯುತ್ತದೆ, ರಬ್ಬರ್ ಉಜ್ಜಿದರೆ ಪದರ ಮೆರುಗುಗೊಂಡು ಆ ಜಾಗ ಬೆಳ್ಳಿಯನ್ನೇ ಒಲ್ಲೆ ಎನ್ನುತ್ತದೆ. ಗುರುತನ್ನೂ ಬೆಳ್ಳಿಯಲ್ಲೇ ಹಾಕಿ, ಕೈಯ ಭಾರ ಬಿಡದೆ. ತಪ್ಪಿದ ಗೆರೆಯನ್ನು ಅಳಿಸಲು ಹೋಗದೆ ಅದರ ಪಕ್ಕದಲ್ಲಿ ಸರಿಯಾದುದನ್ನು ಎಳೆಯಿರಿ. ಮೇಲೆ ಗೆರೆಗಳು ಸೇರುತ್ತ ಹೋದಂತೆ ತಪ್ಪಿದ್ದು ನೆರಳಿನೊಳಗೆ ಮುಳುಗುತ್ತದೆ. ತೀರಾ ಎದ್ದು ಕಾಣುವ ತಪ್ಪಾದರೆ ಬ್ಲೇಡಿನ ತುದಿಯಿಂದ ಹಗುರವಾಗಿ ಕೆರೆದು, ಅದೇ ಬಿಳಿಯನ್ನು ತೆಳುವಾಗಿ ಹಚ್ಚಿ, ಮರುದಿನ ಬರೆಯಬೇಕು. ತೇಪೆ ಮಾತ್ರ ಹತ್ತಿರದಿಂದ ನೋಡಿದವರಿಗೆ ಗೊತ್ತಾಗುತ್ತದೆ.

ಗೆರೆಯ ಬಗ್ಗೆ ಮುಂಬಯಿ ಕನ್ನಡಿಗರು ಮಾತಾಡುವಾಗ ಚಿತ್ರಕಾರ ಕೆ.ಕೆ. ಹೆಬ್ಬಾರರನ್ನು ಬಿಟ್ಟು ಮುಂದೆ ಹೋಗಲಾಗದು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, 1996ರಲ್ಲಿ ಇದೇ ಊರಿನಲ್ಲಿ ತೀರಿಕೊಂಡವರು. ನರ್ತಿಸುವ ಮೈಯನ್ನು ಅವರು ಹಿಡಿದದ್ದು ಓಡುವ, ಉಬ್ಬಿ ತೆಳುವಾಗುವ ಗೆರೆಯಲ್ಲಿ. ಆ ಕೈಯನ್ನು ಮೆಚ್ಚಿ ಬೆಳೆದವರಿಗೆ ಬೆಳ್ಳಿಮೊನೆ ಮೊದಲಿಗೆ ಬಿಗಿ ಎನಿಸುತ್ತದೆ. ಇಲ್ಲಿ ಗೆರೆ ಉಬ್ಬುವುದಿಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪ. ಲಯ ಬರಬೇಕಾದದ್ದು ಗೆರೆಗಳ ನಡುವಿನ ಅಂತರದಿಂದ. ಹತ್ತಿರ ಹತ್ತಿರ, ದೂರ ದೂರ, ಮತ್ತೆ ಹತ್ತಿರ. ರೆಂಬ್ರಾಂಟನ ತೋಳಿನ ಮೇಲಿನ ಗೆರೆಗಳನ್ನು ದೊಡ್ಡದು ಮಾಡಿ ನೋಡಿದರೆ ಇದು ತಿಳಿಯುತ್ತದೆ.

ನಕಲು ಎರಡು ಮೂರಾದ ಮೇಲೆ ಮನೆಯವರನ್ನೇ ಕೂರಿಸಿ ಬರೆಯಿರಿ. ಹುಲ್ಲಿನ ಟೋಪಿಯ ಕೆಲಸವನ್ನು ತಲೆಯ ಮೇಲೆ ಹೊದ್ದ ಸೆರಗು ಚೆನ್ನಾಗಿ ಮಾಡುತ್ತದೆ. ಅದನ್ನು ಹಣೆಯಿಂದ ನಾಲ್ಕು ಬೆರಳು ಮುಂದಕ್ಕೆ ತಂದರೆ ಅದೇ ನೆರಳು, ಅದೇ ಬೆಳಕಿನ ಕೆನ್ನೆ. ಟ್ಯೂಬ್‌ಲೈಟ್ ಆರಿಸಿ, ಒಂದೇ ಕಿಟಕಿಯ ಬೆಳಕು ಬರಲಿ. ಎದುರು ಕಟ್ಟಡದ ಗೋಡೆಯಿಂದ ಹಿಂದಿರುಗಿ ಬರುವ ಬೆಳಕಾದರೂ ಸರಿಯೇ, ಡೊಂಬಿವಿಲಿಯ ಒಂದು ಕೋಣೆಯ ಮನೆಯಲ್ಲೂ ಅಷ್ಟು ಸಿಗುತ್ತದೆ. ಕೂತವರ ಮುಂದೆ ಮೇಜು ಇಟ್ಟು ಮೊಣಕೈ ಊರಲು ಹೇಳಿ. ಊರಿದ ಕೈ ತಾಸುಗಟ್ಟಲೆ ನಿಲ್ಲುತ್ತದೆ, ಊರದ ಕೈ ಐದು ನಿಮಿಷಕ್ಕೆ ಇಳಿಯುತ್ತದೆ. ಸಾಸ್ಕಿಯಾಳ ಭಂಗಿಯಲ್ಲಿರುವ ಉಪಾಯ ಇದೇ. ಇನ್ನೊಂದು ಕೈಗೆ ಮಾಟುಂಗಾ ಮಾರುಕಟ್ಟೆಯ ಒಂದು ಸೇವಂತಿಗೆ ಕೊಡಿ. ಕೆಲಸವಿಲ್ಲದ ಬೆರಳುಗಳು ಬಿಗಿದುಕೊಳ್ಳುತ್ತವೆ, ಹೂ ಹಿಡಿದ ಬೆರಳು ತಾನಾಗಿ ಸಡಿಲುತ್ತದೆ. ಬೆಳ್ಳಿಮೊನೆಗೆ 40 ನಿಮಿಷದ ಎರಡು ಕೂರಿಕೆ ಸಾಕು, ನಡುವೆ ಒಂದು ಚಹಾ. ‘ಅಲ್ಲಾಡಬೇಡ’ ಎಂದು ಮತ್ತೆ ಮತ್ತೆ ಹೇಳುವುದಕ್ಕಿಂತ ಮಾತಾಡಿಸುತ್ತ ಬರೆಯುವುದು ಒಳ್ಳೆಯದು, ಬಾಯಿ ಬರೆಯುವ ಐದು ನಿಮಿಷ ಮಾತ್ರ ಸುಮ್ಮನಿದ್ದರಾಯಿತು.

ಬರೆದು ಮುಗಿದಾಗ ಗೆರೆ ತಣ್ಣನೆಯ ಬೂದು. ತಿಂಗಳುಗಳು ಕಳೆದಂತೆ ಅದು ಕಂದಿಗೆ ತಿರುಗುತ್ತದೆ. ದೇವರ ಕೋಣೆಯ ಬೆಳ್ಳಿ ದೀಪ, ಕುಂಕುಮದ ಭರಣಿ ಮಾಸುವುದಕ್ಕೆ ಏನು ಕಾರಣವೋ ಇದಕ್ಕೂ ಅದೇ: ಗಾಳಿಯಲ್ಲಿರುವ ಗಂಧಕದ ಅನಿಲ ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಖಾಡಿಯ (ಸಮುದ್ರದ ಹಿನ್ನೀರಿನ) ಕೆಸರಿನ ವಾಸನೆ ಬರುವ ಬಡಾವಣೆಗಳಲ್ಲಿ ಇದು ಬೇಗ, ಗಾಜು ಹಾಕಿ ಬಿಗಿದ ಚೌಕಟ್ಟಿನೊಳಗೆ ನಿಧಾನ. ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆಯ ಜೊತೆ ಚಿತ್ರ ಇಟ್ಟು ಬಣ್ಣವನ್ನು ಆತುರದಿಂದ ತರಿಸುವವರಿದ್ದಾರೆ. ಬರುವುದೇನೋ ನಿಜ, ಆದರೆ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆಯಾಗಿ ಕಲೆಯಂತೆ ಕಾಣುತ್ತದೆ. ಕಾಯುವುದೇ ಮೇಲು. ಆ ಕಂದು ಬಣ್ಣ ಮುಖಕ್ಕೆ ತರುವ ಬೆಚ್ಚನೆ ಬೇರೆ ಯಾವುದರಿಂದಲೂ ಬಾರದು. ಇದೇ ಕಾರಣಕ್ಕೆ ಮೇಲೆ ಫಿಕ್ಸೆಟಿವ್ (ಗೆರೆ ಉದುರದಂತೆ ಹಿಡಿದಿಡುವ ದ್ರವ) ಸಿಂಪಡಿಸಬೇಡಿ. ಬೆಳ್ಳಿ ಉದುರುವ ವಸ್ತುವಲ್ಲ, ಅದಕ್ಕೆ ಕಾವಲು ಬೇಕಾಗಿಲ್ಲ.

ಚೌಕಟ್ಟು ಹಾಕಿಸುವಾಗ ಅಂಗಡಿಯವನಿಗೆ ಎರಡು ಮಾತು ಒತ್ತಿ ಹೇಳಿ. ಗಾಜು ಚಿತ್ರಕ್ಕೆ ತಾಗಬಾರದು, ಸುತ್ತ ಆಮ್ಲರಹಿತ ಮೌಂಟ್ (ರಟ್ಟಿನ ಅಂಚು) ಕೊಟ್ಟು ಕನಿಷ್ಠ 3 ಮಿ.ಮೀ. ಅಂತರ ಇರಬೇಕು. ತಾಗಿದರೆ ಮಳೆಗಾಲದಲ್ಲಿ ಗೋಂದಿನ ಪದರ ಗಾಜಿಗೇ ಅಂಟಿ, ತೆಗೆಯುವಾಗ ಮುಖ ಕಿತ್ತು ಬರುತ್ತದೆ. ಹಿಂಬದಿಯ ನಾಲ್ಕು ಮೂಲೆಗೂ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ಕಟ್ಟಡದ ಹೊರಗೋಡೆಗೆ, ಅದರಲ್ಲೂ ಮಳೆ ಬಡಿಯುವ ಪಶ್ಚಿಮದ ಗೋಡೆಗೆ ತೂಗಬೇಡಿ.

ಒಂದು ಮಾತು ಉಳಿಯಿತು. ಚಿತ್ರದ ಕೆಳಗೆ ಬರೆದಿಡುವುದನ್ನು ಮರೆಯಬೇಡಿ. ಯಾರು, ಎಷ್ಟು ವಯಸ್ಸು, ಯಾವ ದಿನ. ಸಾಸ್ಕಿಯಾ 1642ರ ಜೂನ್‌ನಲ್ಲಿ, 30 ತುಂಬುವ ಮೊದಲೇ ತೀರಿಕೊಂಡಳು. ಅವಳ ಮಗ ಟೈಟಸ್‌ಗೆ ಆಗ ಒಂದು ವರ್ಷವೂ ಆಗಿರಲಿಲ್ಲ. ಅವಳನ್ನು ಹೂವಿನ ದೇವತೆಯಾಗಿ, ರೇಷ್ಮೆ ಉಟ್ಟ ಶ್ರೀಮಂತೆಯಾಗಿ ತೋರಿಸುವ ದೊಡ್ಡ ಬಣ್ಣದ ಚಿತ್ರಗಳು ಎಷ್ಟೋ ಇವೆ, ಅವುಗಳಲ್ಲಿ ಕೆಲವು ನಿಜಕ್ಕೂ ಅವಳದೇ ಹೌದೋ ಅಲ್ಲವೋ ಎಂದು ತಿಳಿದವರು ಚರ್ಚಿಸುತ್ತಾರೆ. ಅವಳ ಮುಖ ಯಾವುದೆಂದು ಹೋಲಿಸಿ ನೋಡಬೇಕಾದಾಗ ಅವರೆಲ್ಲ ಮೊದಲು ತೆಗೆದು ನೋಡುವುದು ಈ ಕರೆಯೋಲೆಯಷ್ಟಗಲದ ಹಾಳೆಯನ್ನು, ಅದರ ಕೆಳಗಿನ ನಾಲ್ಕಾರು ಸಾಲುಗಳನ್ನು.